ರಸದು

ಹಳೆಯ ಯುದ್ಧವೃತ್ತಾಂತಗಳಲ್ಲಿ ಬರುವ ‘ರಸದು’ ಎಂಬ ಮಾತಿಗೂ ನಾಲಗೆಯ ರಸಕ್ಕೂ ಸಂಬಂಧವಿಲ್ಲ. ದಂಡಿಗೆ ಒದಗಿಸುವ ದವಸಧಾನ್ಯವೆಂದು ಅದರ ಅರ್ಥ. ‘ತಲುಪು’ ಎಂಬ ಅರ್ಥದ ಪಾರಸೀ ಧಾತು ಇದರ ಮೂಲ. ಅಂಗಡಿಯವನು ಬರೆದುಕೊಡುವ ರಸೀದಿಯೂ ಅದೇ ಮನೆತನದ್ದು. ಹಣ ತಲುಪಿತೆಂಬುದಕ್ಕೆ ರಸೀದಿ. ದಂಡಿಗೆ ತಲುಪಬೇಕಾದದ್ದು ರಸದು.

ತಲುಪದಿದ್ದರೆ? 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ಸಮೀಪದ ಅರಕೆರೆಯವರೆಗೆ ಬಂದನು. ಕಾಳಗದಲ್ಲಿ ಮೇಲುಗೈ ಪಡೆದೂ ಹಿಂದಿರುಗಬೇಕಾಯಿತು. ದಾರಿಯ ಮೇವು, ಧಾನ್ಯಗಳನ್ನು ಟಿಪ್ಪುವಿನ ಕಡೆಯವರು ಮೊದಲೇ ನಾಶಪಡಿಸಿದ್ದರು. ಮಳೆ ಬೇರೆ ಹಿಡಿದಿತ್ತು. ಹಸಿವಿನಿಂದಲೂ ರೋಗದಿಂದಲೂ ಎತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯಲು ಎತ್ತುಗಳಿಲ್ಲದ ಭಾರಿ ಫಿರಂಗಿಗಳನ್ನು ಇಂಗ್ಲಿಷರು ತಮ್ಮ ಕೈಯಾರೆ ಹಾಳುಗೆಡವಿದರು. ಕೋಟೆಯ ಗುಂಡಿಗಿಂತ ಬರಿದಾದ ಗೋಣಿಚೀಲವೇ ಅವರನ್ನು ಹೆಚ್ಚು ಹೆದರಿಸಿತೆನ್ನಬೇಕು! ಹಿಂದಿರುಗುವಾಗ ಮರಾಠರ ದಂಡು ಎದುರಾಯಿತು. ಅವರ ಪಾಳೆಯದ ಸಂತೆಯಲ್ಲಿ ಧಾನ್ಯವಿತ್ತು. ಬೆಲೆ ಮಾತ್ರ ದುಬಾರಿ.

1792ರ ಫೆಬ್ರವರಿಯಲ್ಲಿ ಅದೇ ಕಾರ್ನ್‌ವಾಲಿಸನು ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದನು. ಈ ಸಲ ಹೇರೆತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಲಂಬಾಣಿಗರು ಅವನ ದಂಡಿಗೆ ರಸದು ಸಾಗಿಸುತ್ತಿದ್ದರು. ಮಾರ್ಚಿಯಲ್ಲಿ ಒಪ್ಪಂದವಾಯಿತು. ಟಿಪ್ಪು ತನ್ನ ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟನು.