ಚೌಕಾಸಿಯೂ ಒಂದು ಲೆಕ್ಕ

ಚೌಕಾಸಿ ಎಂದರೆ ದನಿ ಏರಿಸುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಅದು ಕೂಡಿ ಕಳೆಯುವ ಲೆಕ್ಕ. ಸೊಪ್ಪಿಗೂ ಅಷ್ಟೇ, ಕಾರಿಗೂ ಅಷ್ಟೇ.

ನಮ್ಮ ಕಾಲದಲ್ಲಿ ಹೊಸ ಕಾರಿಗೆ ಚೌಕಾಸಿಯೇ ಇರಲಿಲ್ಲ. ಅಂಬಾಸಿಡರ್, ಫಿಯಟ್ ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೂ ಸರದಿ ತಪ್ಪಲಿಲ್ಲ. ಈಗ ಮೈಸೂರು ರಸ್ತೆ ಹಿಡಿದು ಕೆಂಗೇರಿಗೆ ಹೋದರೆ ದಾರಿಯಲ್ಲಿ ಎಷ್ಟೊಂದು ಷೋರೂಂ!

ಹೊಸ ಕಾರು ಕೊಳ್ಳುವವರು ಆನ್‌ರೋಡ್ ಬೆಲೆಯನ್ನು ಸಾಲು ಸಾಲಾಗಿ ಬರೆಸಿಕೊಳ್ಳಬೇಕು. ಜಿಎಸ್‌ಟಿ ಸರ್ಕಾರದ್ದು, ಸಣ್ಣ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಅದು ಶೇ 28ರಿಂದ 18ಕ್ಕೆ ಇಳಿದಿದೆ. ನಮ್ಮ ರಾಜ್ಯದ ಜೀವಾವಧಿ ತೆರಿಗೆಯೂ ಸರ್ಕಾರದ್ದೇ. ಅಲ್ಲಿ ಮಾತು ನಡೆಯದು. ವಿಮೆಯನ್ನು ಬೇರೆ ಕಡೆಯಿಂದಲೂ ತರಬಹುದು. ಸೀಟ್ ಕವರ್, ರಿಯಾಯಿತಿ, ಹಳೆಯ ಕಾರಿಗೆ ಕೊಡುವ ಬೆಲೆ, ಇವೆಲ್ಲ ಮಾತಾಡಿ ತೀರ್ಮಾನಿಸುವ ಸಾಲುಗಳು.

‘ತಿಂಗಳ ಕಂತು ಕಡಿಮೆ ಮಾಡಿಕೊಡ್ತೀವಿ ಸಾರ್’ ಎಂದರೆ ಗುಣಾಕಾರ ಮಾಡಿ. ಶೇ 9ರ ಬಡ್ಡಿಯಲ್ಲಿ 5 ಲಕ್ಷ ಸಾಲಕ್ಕೆ ಐದು ವರ್ಷವಾದರೆ ಕಂತು ಸುಮಾರು 10,380 ರೂಪಾಯಿ; ಏಳು ವರ್ಷವಾದರೆ ಸುಮಾರು 8,045. ಕಂತು ಇಳಿಯಿತು, ನಿಜ. ಆದರೆ ಒಟ್ಟು ಕಟ್ಟುವ ಹಣ 53 ಸಾವಿರದಷ್ಟು ಏರಿತು.

ಹಳೆಯ ಕಾರಿನ ಲೆಕ್ಕ ಬೇರೆ. ಹೋದ ವರ್ಷ ಬಸವೇಶ್ವರನಗರದ ನಮ್ಮ ಬೀದಿಯಲ್ಲೇ ಒಂದು ಕಾರು ಮಾರಾಟಕ್ಕಿತ್ತು. ಮೇಷ್ಟ್ರು ತೀರಿಕೊಂಡ ಮೇಲೆ ಓಡಿಸುವವರಿಲ್ಲದೆ ನಿಂತಿತ್ತು. ದಲ್ಲಾಳಿಯೊಬ್ಬ 1,80,000ಕ್ಕಿಂತ ಹೆಚ್ಚು ಬರುವುದಿಲ್ಲ ಎಂದಿದ್ದನಂತೆ. ‘ನೀವು ಅಷ್ಟೇ ಕೊಡಿ ಸಾಕು, ಗೊತ್ತಿದ್ದವರ ಮನೆ ಸೇರಲಿ’ ಎಂದರು ಅವರ ಪತ್ನಿ.

ಮಗನಿಗೆ ಖುಷಿ. ನಾನು ಮಾತ್ರ ‘ಎರಡು ದಿನ ಸಮಯ ಕೊಡಿ ಅಮ್ಮಾ’ ಎಂದೆ. ವಿಚಾರಿಸಿದರೆ ಅದೇ ವರ್ಷದ, ಅಷ್ಟೇ ಓಡಿದ ಕಾರುಗಳು 2,70,000ದ ಆಸುಪಾಸಿನಲ್ಲಿದ್ದವು. ಮೆಕ್ಯಾನಿಕ್ ನೋಡಿ ನಾಲ್ಕು ಟೈರಿಗೆ 16,000, ಬ್ಯಾಟರಿಗೆ 5,000, ಸರ್ವಿಸಿಗೆ 4,000 ಆಗುತ್ತದೆ ಎಂದ.

‘ಅಪ್ಪಾ, ಅವರೇ ಕಡಿಮೆ ಹೇಳಿದಾರೆ. ನಾವ್ಯಾಕೆ ಜಾಸ್ತಿ ಕೊಡಬೇಕು?’ ಎಂದ ಮಗ. ಏಳನೇ ಕ್ಲಾಸಿನ ಮೊಮ್ಮಗಳು ಹೋಂವರ್ಕ್ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಉತ್ತರ ಹೇಳುವ ಬದಲು ಅವಳ ಕೈಗೇ ಕಾಗದ ಕೊಟ್ಟೆ. 2,70,000ದಲ್ಲಿ 25,000 ಕಳೆದು ‘2,45,000 ತಾತಾ’ ಎಂದಳು. ಅಪ್ಪನ ಕಡೆ ತಿರುಗಿ, ‘ಅಜ್ಜಿಗೆ ಗೊತ್ತಿಲ್ಲ, ನಮಗೆ ಗೊತ್ತಲ್ವಾ?’ ಎಂದು ಕೇಳಿದಳು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಚೆಕ್ ಪುಸ್ತಕ ತಂದ.

ಪರಿಚಯದವರೆಂದು ಕಾಗದಪತ್ರದಲ್ಲಿ ಸಡಿಲ ಬಿಡಲಿಲ್ಲ. ಕಾರಿನ ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನಿಂದ ಎನ್‌ಒಸಿ ತಂದು, ಫಾರಂ 35 ಕೊಟ್ಟು ಅದನ್ನು ತೆಗೆಸಿದೆವು. ಆಮೇಲೆ ಫಾರಂ 29, 30ಕ್ಕೆ ಸಹಿ. ಹೆಸರು ಬದಲಾಗದಿದ್ದರೆ ನಾಳೆ ದಂಡವೋ ಕೇಸೋ ಬಂದಾಗ ಮಾರಿದವರ ಬಾಗಿಲಿಗೇ ನೋಟಿಸು ಹೋಗುತ್ತದೆ. ವಿಮೆಯನ್ನೂ ಹೊಸ ಮಾಲೀಕರ ಹೆಸರಿಗೆ ಮಾಡಿಸಬೇಕು.

ಮಕ್ಕಳೇ, ಮುಂದೆ ನೀವೂ ಸೈಕಲ್ಲು, ಸ್ಕೂಟರು, ಕಾರು ಕೊಳ್ಳುತ್ತೀರಿ. ಚೌಕಾಸಿ ಖಂಡಿತ ಮಾಡಿ. ಕಷ್ಟಪಟ್ಟು ದುಡಿದ ಹಣ ಅದು. ಆದರೆ ಮಾರನೆಯ ದಿನ ನಂದಿನಿ ಬೂತಿನ ಮುಂದೆ ಮಾರಿದವರು ಎದುರಾದರೆ, ನಿಂತು ನಾಲ್ಕು ಮಾತಾಡುವ ಹಾಗಿರಲಿ ನೀವು ಕೊಟ್ಟ ಬೆಲೆ.