ಎಂಟನೇ ನಂಬರು

ಅಮೆರಿಕದಲ್ಲಿ ನಮ್ಮವರ ಮನೆ ಯಾವುದೆಂದು ತಿಳಿಯಲು ಬಾಗಿಲ ಮೇಲಿನ ಹೆಸರು ಓದಬೇಕಾಗಿಲ್ಲ, ಬಾಗಿಲ ಬುಡ ನೋಡಿದರೆ ಸಾಕು. ಯುಗಾದಿಗೋ ಗಣೇಶನ ಹಬ್ಬಕ್ಕೋ ಹತ್ತು ಸಂಸಾರ ಸೇರಿದ ದಿನ ಅಲ್ಲಿ ನಲವತ್ತು ಜೊತೆ ಪಾದರಕ್ಷೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಹಿಮದ ಬೂಟು, ಓಟದ ಬೂಟು, ಮೊನಚು ಮೂತಿಯ ಹೈಹೀಲ್ಡು, ಊರಿಂದ ತಂದ ಕೊಲ್ಹಾಪುರಿ, ಮಕ್ಕಳ ದೀಪ ಮಿನುಗುವ ಶೂ. ಒಳಗಿನಿಂದ ಒಬ್ಬಟ್ಟಿನ ಸಾರಿನ ಘಮ ಬರುತ್ತಿದ್ದರೂ ನಾನು ಆ ರಾಶಿಯ ಮುಂದೆ ಒಂದು ನಿಮಿಷ ನಿಲ್ಲುತ್ತೇನೆ. ಯಾವುದರ ಹಿಮ್ಮಡಿ ಒಂದೇ ಕಡೆ ಸವೆದಿದೆ, ಯಾವುದರಲ್ಲಿ ಹೆಬ್ಬೆರಳಿನ ಗಂಟು ಚರ್ಮವನ್ನು ಉಬ್ಬಿಸಿದೆ, ಯಾರು ಬೂಟಿನ ಹಿಂಭಾಗವನ್ನು ತುಳಿದು ತುಳಿದು ಚಪ್ಪಲಿ ಮಾಡಿಕೊಂಡಿದ್ದಾರೆ ಎಂದೆಲ್ಲ ನೋಡುತ್ತೇನೆ. "ದೇವಸ್ಥಾನದ ಮುಂದಿನ ಚಪ್ಪಲಿ ಕಳ್ಳರ ಹಾಗೆ ನಿಂತ್ಕೋಬೇಡ, ಬಾ" ಎಂದು ನಮ್ಮವರು ರೇಗಿಸುತ್ತಾರೆ.

ಈ ಚಟ ಹತ್ತಿದ್ದು ಎರಡು ಜೊತೆ ಬೂಟುಗಳಿಂದ. ಒಂದು ನನ್ನದು, ಇನ್ನೊಂದು ಅಪ್ಪನದು. ಎರಡನ್ನೂ ಆರಿಸಿ ಕೊಂಡವಳು ನಾನೇ.

ನಾನು ಹುಟ್ಟಿ ಬೆಳೆದ ತಿಪಟೂರಿನಲ್ಲಿ ನನ್ನ ಕಾಲಿಗೆ ನಂಬರೇ ಇರಲಿಲ್ಲ. ಶಾಲೆ ಶುರುವಾಗುವ ಮುಂಚೆ ಅಪ್ಪ ನಮ್ಮನ್ನು ಚಪ್ಪಲಿ ಹೊಲಿಯುವವರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಅವರು ಹಳೇ ಪೇಪರು ಹಾಸಿ, ಅದರ ಮೇಲೆ ಕಾಲಿಡಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದರು. ಪೆನ್ಸಿಲು ಅಂಗಾಲಿನ ಒಳಬದಿಗೆ ಬಂದಾಗ ಕಚಗುಳಿ. "ಅಲ್ಲಾಡಬೇಡ ಮಗಾ, ಗೆರೆ ಕೆಟ್ರೆ ಚಪ್ಪಲಿ ಕಚ್ತದೆ" ಎನ್ನುತ್ತಿದ್ದರು. ಗೆರೆಯಾಚೆ ಒಂದು ಬೆರಳಗಲ ಬಿಟ್ಟು ಅಟ್ಟೆ ಕತ್ತರಿಸುವುದು ಅವರ ಪದ್ಧತಿ.

ಮಿಶಿಗನ್‌ಗೆ ಬಂದ ಮೇಲೆ ನನಗೊಂದು ನಂಬರು ಸಿಕ್ಕಿತು. ಮೊದಲ ಕೆಲಸದ ಇಂಟರ್‌ವ್ಯೂಗೆಂದು ಡೆಟ್ರಾಯಿಟ್ ಹೊರವಲಯದ ಒಂದು ಮಾಲಿನಲ್ಲಿ ಕಪ್ಪು ಬೂಟು ಕೊಂಡೆ. ಮೊನಚು ಮೂತಿ, ಎರಡೂವರೆ ಇಂಚಿನ ಹಿಮ್ಮಡಿ. ಎಪ್ಪತ್ತು ಡಾಲರಿನದು ಸೇಲಿನಲ್ಲಿ ಇಪ್ಪತ್ತೆರಡಕ್ಕೆ ಬಂದಿತ್ತು. ಉಳಿದಿದ್ದುದು ಆರೂವರೆ ನಂಬರು ಮಾತ್ರ. ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡವು. "ಲೆದರು ತಾನೇ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂದುಕೊಂಡೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳಿ ಬೆಳೆದವಳು. ಬೂಟು ಇದ್ದಷ್ಟಕ್ಕೆ ಕಾಲು ಮಡಚುವುದನ್ನು ಇಲ್ಲಿ ಕಲಿತೆ. ಕೆಲಸ ಸಿಕ್ಕಿತು. ಆ ಬೂಟು ಅದೃಷ್ಟದ್ದೆಂದು ಅದೇ ನಂಬರಿನ, ಅದೇ ಆಕಾರದ ಬೂಟುಗಳನ್ನೇ ಹದಿನೈದು ವರ್ಷ ಕೊಂಡೆ.

ಮನೆಯಲ್ಲಿ ಮಾತ್ರ ನಾವು ಪಕ್ಕಾ ಊರಿನವರು. ಬಾಗಿಲಲ್ಲೇ ಎಲ್ಲ ಕಳಚಿ ಬರಿಗಾಲು. ಊರಿನ ಅಂಗಳದ ಮಣ್ಣಿಗೂ ಇಲ್ಲಿಯ ಅಡುಗೆಮನೆಯ ಟೈಲ್ಸಿಗೂ ಇರುವ ವ್ಯತ್ಯಾಸ ನಮಗೆ ಹೊಳೆದಿರಲಿಲ್ಲ.

ಒಂದು ದಿನ ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂತಾಯಿತು. ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿದ ಮೇಲೆ ನೋವು ಮಾಯ. ಮಾರನೆಯ ಬೆಳಗ್ಗೆ ಮತ್ತೆ ಹಾಜರು. ಹೀಗೆ ಒಂದು ವರ್ಷ ತಳ್ಳಿದೆ. ಎಣ್ಣೆ ತಿಕ್ಕಿದೆ, ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತೆ. ಕೊನೆಗೆ ಮಗಳೇ ಪಾದದ ವೈದ್ಯೆಯ ಹತ್ತಿರ ಎಳೆದುಕೊಂಡು ಹೋದಳು.

ಆಕೆ ಎಕ್ಸ್‌ರೇಗೆ ಮೊದಲು ಒಂದು ಬಿಳಿ ಹಾಳೆ ನೆಲಕ್ಕಿಟ್ಟು, "ನಿಂತುಕೋ" ಎಂದು, ಪೆನ್ನಿನಿಂದ ನನ್ನ ಪಾದದ ಸುತ್ತ ಗೆರೆ ಎಳೆದರು. ಅದೇ ಕಚಗುಳಿ! ಆಮೇಲೆ ನನ್ನ ಬೂಟನ್ನು ಆ ಚಿತ್ರದ ಮೇಲಿಟ್ಟರು. ಎರಡೂ ಪಕ್ಕದಲ್ಲಿ ನನ್ನ ಕಾಲು ಬೂಟಿನಾಚೆ ಚಾಚಿಕೊಂಡಿತ್ತು. "ಹೊರಗಿರೋ ಈ ಭಾಗವನ್ನ ದಿನಾ ಎಲ್ಲಿ ಇಡ್ತಿದ್ದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹೆಬ್ಬೆರಳಿನ ಬುಡದ ಗಂಟು, ಕಿರುಬೆರಳ ಮೇಲಿನ ಆಣಿ ಅದಕ್ಕೆ ಉತ್ತರ ಹೇಳುತ್ತಿದ್ದವು.

ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಒಳಗೆ ಒಂದು ದಪ್ಪ ಪಟ್ಟಿ ಇದೆಯಂತೆ, ಬಿಲ್ಲಿಗೆ ಹೆದೆ ಇದ್ದ ಹಾಗೆ. ಅದಕ್ಕೆ ಪೆಟ್ಟಾದರೆ ಬರುವ ಈ ನೋವಿಗೆ ಪ್ಲಾಂಟರ್ ಫೇಶಿಯೈಟಿಸ್ ಎಂದು ಹೆಸರು. ಎತ್ತರದ ಹಿಮ್ಮಡಿಯ ಬೂಟು ವರ್ಷಗಟ್ಟಲೆ ಹಾಕಿದರೆ ಮೀನಖಂಡ ಬಿಗಿದುಕೊಳ್ಳುತ್ತದೆ, ಆ ಬಿಗಿತ ಈ ಪಟ್ಟಿಯನ್ನು ಎಳೆಯುತ್ತದೆ. ಸಾಲದ್ದಕ್ಕೆ ಗಟ್ಟಿ ನೆಲ, ಬರಿಗಾಲು. ರಾತ್ರಿಯಿಡೀ ಮುದುಡಿದ ಪಟ್ಟಿ ಬೆಳಗಿನ ಮೊದಲ ಹೆಜ್ಜೆಗೆ ಹಿಗ್ಗಿದಾಗ ಮೊಳೆ ಹೊಡೆದ ಅನುಭವ. "ನೀನೊಬ್ಬಳೇ ಅಲ್ಲ" ಎಂದು ಸಮಾಧಾನ ಹೇಳಿದರು. 1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ 356 ಮಹಿಳೆಯರ ಕಾಲು ಅಳೆದಾಗ ಶೇಕಡ 88 ಮಂದಿ ತಮ್ಮ ಪಾದಕ್ಕಿಂತ ಚಿಕ್ಕ ಬೂಟು ಹಾಕುತ್ತಿದ್ದರಂತೆ.

ಅವರು ಕೊಟ್ಟ ಚಿಕಿತ್ಸೆ ಎಷ್ಟು ಸರಳವೆಂದರೆ ನನಗೆ ಕೊಟ್ಟ ದುಡ್ಡಿನ ಬಗ್ಗೆ ಸಂಕಟವಾಯಿತು. ಗೋಡೆಗೆ ಕೈಯಾನಿಸಿ ಮೀನಖಂಡ ಎಳೆಯುವ ವ್ಯಾಯಾಮ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಅಂಗಾಲಿನಡಿ ಚಪಾತಿ ಲಟ್ಟಿಸಿದಂತೆ ಉರುಳಿಸುವುದು. ಬೂಟನ್ನು ಸಂಜೆ ಹೊತ್ತು ಕೊಳ್ಳಬೇಕು, ಏಕೆಂದರೆ ದಿನವಿಡೀ ಓಡಾಡಿದ ಕಾಲು ಊದಿರುತ್ತದೆ. ಎರಡೂ ಕಾಲು ಅಳೆಸಬೇಕು, ದೊಡ್ಡ ಕಾಲಿನ ಅಳತೆಗೇ ಕೊಳ್ಳಬೇಕು. ನಿಂತಾಗ ಉದ್ದನೆಯ ಬೆರಳಿಗೂ ಬೂಟಿನ ಮೂತಿಗೂ ನಡುವೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಬಸುರಿ ಬಾಣಂತನದಲ್ಲಿ, ವಯಸ್ಸಾಗುತ್ತ ಕಾಲು ಅಗಲವಾಗುತ್ತದೆ, ಇಪ್ಪತ್ತೈದರ ನಂಬರು ಐವತ್ತಕ್ಕೆ ನಡೆಯದು. ಆ ಲೆಕ್ಕದಲ್ಲಿ ನನ್ನ ನಂಬರು ಏಳೂವರೆ, ಅದೂ ಅಗಲದ್ದು. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಬೇಕೆಂದಾಗ ಮಾತ್ರ ಅತ್ತೆಯವರ ಜೊತೆ ಸಂಧಾನ ನಡೆಸಬೇಕಾಯಿತು. ಅಡುಗೆಮನೆಗೆ ಒಪ್ಪಿಗೆ ಸಿಕ್ಕಿತು, ದೇವರ ಮನೆಗೆ ಇಲ್ಲ.

ಐದು ತಿಂಗಳಲ್ಲಿ ನೋವು ಇಳಿಯಿತು. ಹೊಸ ಬೂಟಿನ ಸುಖ ಕಂಡವಳಿಗೆ ಅದನ್ನು ಅಪ್ಪನಿಗೂ ಕೊಡುವ ಆಸೆ. ಅವರ ಎಪ್ಪತ್ತರ ಭೀಮರಥ ಶಾಂತಿಗೆ ಹೊರಟಿದ್ದೆ. ಫೋನಿನಲ್ಲಿ ಕೇಳಿದೆ, "ಅಪ್ಪ, ನಿಮ್ಮ ಕಾಲಿನ ನಂಬರೆಷ್ಟು?"

"ಎಂಟು ಕಣಮ್ಮ. ಯಾಕೆ? ನನಗ್ಯಾಕೆ ಬೂಟು? ಹವಾಯಿ ಚಪ್ಪಲಿ ಇದೆಯಲ್ಲ. ಒಂದು ದಿನ ಕಾಲು ನೋವು ಅಂದಿಲ್ಲ ನಾನು."

ಎಂಟನೇ ನಂಬರಿನದೇ ಕೊಂಡೆ. ಬೂದು ಬಣ್ಣದ, ಒಳ್ಳೆ ಕಂಪನಿಯ, ನೂರಾಹತ್ತು ಡಾಲರಿನ ಬೂಟು. ಶಾಂತಿಯ ದಿನ ದಂಪತಿಗಳಿಬ್ಬರ ಪಾದ ತೊಳೆದು ನಮಸ್ಕಾರ ಮಾಡಿದೆ. ಸಂಜೆ ಬೂಟು ಹಾಕಿಸಿ, "ಹೇಗಿದೆ ಅಪ್ಪ?" ಎಂದೆ. "ಹೂವಿನ ಹಾಗಿದೆ ಕಣಮ್ಮ" ಎಂದರು. ಮಾರನೆಯ ದಿನದಿಂದ ಅದನ್ನು ಹಾಕಿಕೊಂಡೇ ಸ್ಟೇಷನ್ನಿನ ತನಕ ವಾಕಿಂಗು. ಸಿಕ್ಕವರಿಗೆಲ್ಲ, "ಮಗಳು ಅಮೆರಿಕದಿಂದ ತಂದಿದ್ದು."

ಆ ಸಂಜೆ ನಾನು ಅವರ ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಲಿಲ್ಲ. ವೈದ್ಯೆ ಹೇಳಿಕೊಟ್ಟಿದ್ದ ಪಾಠ ಅಷ್ಟು ಬೇಗ ಮರೆತಿತ್ತು. ಹೂವಿನ ಹಾಗಿದೆ ಎಂದ ಮೇಲೆ ಇನ್ನೇನು?

ವಾಪಸು ಬಂದು ಮೂರು ವಾರಕ್ಕೆ ಅಮ್ಮ ಫೋನಿನಲ್ಲಿ ನಗುತ್ತ ಹೇಳಿದಳು, "ನಿಮ್ಮಪ್ಪಂಗೆ ಅರಳು ಮರಳು ಕಣೇ. ಮೊನ್ನೆ ತೋಟದಿಂದ ಒಂದೇ ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ಬಂದಿದಾರೆ. ಇನ್ನೊಂದು ಎಲ್ಲೋ ಬಿದ್ದು ಹೋಗಿದೆ, ಗೊತ್ತೇ ಆಗಿಲ್ಲ." ನಾನೂ ನಕ್ಕೆ. ಹಿಂದಿನಿಂದ ಅಪ್ಪ ನಗುವುದೂ ಕೇಳಿಸಿತು.

ಮುಂದಿನ ವಾರ ನನ್ನ ಕಾಲಿನ ಕೊನೆಯ ತಪಾಸಣೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂದು ವೈದ್ಯೆ ಕೇಳಿದರು. "ಅಪ್ಪನಿಗಿದೆ, ಹದಿನೆಂಟು ವರ್ಷದಿಂದ" ಎಂದೆ. ಆಕೆ ಒಂದು ನೈಲಾನ್ ಎಳೆ ತೆಗೆದು ನನ್ನ ಅಂಗಾಲಿನ ಅಲ್ಲಲ್ಲಿ ಮುಟ್ಟಿಸಿ, ಮುಟ್ಟಿದ್ದು ತಿಳಿಯುತ್ತಿದೆಯೇ ಎಂದು ಕೇಳುತ್ತ ಹೋದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ನನಗೆಲ್ಲ ತಿಳಿಯುತ್ತಿತ್ತು. "ಸಕ್ಕರೆ ಬಹಳ ವರ್ಷ ಇದ್ದವರಿಗೆ ಪಾದದ ನರಗಳು ಸತ್ತು ಇದು ತಿಳಿಯೋದಿಲ್ಲ. ಕೆಲವರಿಗೆ ನಡೀತಾ ನಡೀತಾ ಚಪ್ಪಲಿ ಬಿದ್ದು ಹೋದರೂ ಗೊತ್ತಾಗಲ್ಲ."

ನಗುತ್ತ ಕೇಳಿದ್ದ ಮಾತು ಮತ್ತೆ ಕಿವಿಗೆ ಬಂತು.

ಕಾರಿನಲ್ಲಿ ಕೂತು ಅಲ್ಲಿಂದಲೇ ಫೋನು ಮಾಡಿದೆ. ಇಲ್ಲಿ ಮಧ್ಯಾಹ್ನ ಮೂರು ಗಂಟೆ, ತಿಪಟೂರಿನಲ್ಲಿ ರಾತ್ರಿ ಹನ್ನೆರಡೂವರೆ. ಅಮ್ಮ ಗಾಬರಿಯಾಗಿ ಎದ್ದಳು. "ಏನೂ ಆಗಿಲ್ಲಮ್ಮ. ಲೈಟ್ ಹಾಕು. ಅಪ್ಪನ ಕಾಲು ನೋಡು. ಬೆರಳು ಬೆರಳು ಬಿಡಿಸಿ ನೋಡು." ಅಪ್ಪ ನಿದ್ದೆಗಣ್ಣಲ್ಲಿ ಗೊಣಗುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಬಲಗಾಲಿನ ಕಿರುಬೆರಳು ಕಪ್ಪಾಗಿದೆ ಕಣೇ. ಪಕ್ಕದಲ್ಲಿ ಗಾಯ. ಕೀವು ಬಂದಿದೆ."

ಮೊದಲು ತುಮಕೂರು, ಅಲ್ಲಿಂದ ಬೆಂಗಳೂರು. ಕಿರುಬೆರಳು ತೆಗೆಯಬೇಕಾಯಿತು. ಇನ್ನಷ್ಟು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಸರ್ಜನ್. ಗಾಯ ಮಾಯಲು ಹನ್ನೊಂದು ವಾರ ಹಿಡಿಯಿತು. ನಾನು ಓಡಿ ಹೋದೆ. ಆಸ್ಪತ್ರೆಯ ಮಂಚದ ಕೆಳಗೆ ಅದೇ ಬೂದು ಬೂಟು. ಸರ್ಜನ್ ಅದನ್ನೆತ್ತಿ ನಾಲಿಗೆಯಡಿಯ ಚೀಟಿ ಓದಿದರು. "ಇದು ಅಮೆರಿಕದ ಎಂಟು. ನಮ್ಮ ಲೆಕ್ಕದಲ್ಲಿ ಏಳು."

ಭಾರತದ ಬೂಟಿನ ನಂಬರು ಬ್ರಿಟಿಷರ ಲೆಕ್ಕದ್ದು. ಗಂಡಸರ ಬೂಟಿನಲ್ಲಿ ನಮ್ಮ ಎಂಟು ಅಮೆರಿಕದಲ್ಲಿ ಸುಮಾರು ಒಂಬತ್ತಾಗುತ್ತದೆ. ಎರಡೂ ಲೆಕ್ಕದಲ್ಲಿ ನಂಬರಿನಿಂದ ನಂಬರಿಗೆ ಇರುವ ಅಂತರ ಒಂದು ಇಂಚಿನ ಮೂರನೇ ಒಂದು ಪಾಲು. ಹಳೆಯ ಕಾಲದಲ್ಲಿ ಅದನ್ನು ಒಂದು ಬಾರ್ಲಿ ಕಾಳಿನ ಉದ್ದ ಎನ್ನುತ್ತಿದ್ದರಂತೆ. ಒಂದು ಕಾಳಿನಷ್ಟು ಜಾಗ ಸಾಲದೆ ಅಪ್ಪನ ಬೆರಳು ಹೋಯಿತು. ನನ್ನ ಕಾಲು ವರ್ಷವಿಡೀ ಬೊಬ್ಬೆ ಹೊಡೆದು ನನ್ನನ್ನು ಡಾಕ್ಟರ ಬಳಿ ಎಳೆದಿತ್ತು. ಅಪ್ಪನ ಕಾಲಿಗೆ ಬಾಯಿಯೇ ಇರಲಿಲ್ಲ. "ಹೂವಿನ ಹಾಗಿದೆ" ಎಂದದ್ದು ನನ್ನ ಸಂತೋಷಕ್ಕೆ ಹೇಳಿದ ಸುಳ್ಳಲ್ಲ, ಅವರಿಗೆ ನಿಜವಾಗಿ ಹಾಗೇ ಇತ್ತು.

ನಾನು ಅತ್ತಾಗ ಅಪ್ಪ ಹೇಳಿದ್ದು ಇಷ್ಟೇ: "ಅರ್ಧರಾತ್ರೀಲಿ ಫೋನ್ ಮಾಡಿದ್ದೂ ನೀನೇ ಅಲ್ವಾ? ಬಿಡು."

ಬಿಡುಗಡೆಯ ದಿನ ಎಂ.ಸಿ.ಆರ್. ಚಪ್ಪಲಿ ಬರೆದುಕೊಟ್ಟರು. ಮೆತ್ತನೆಯ ರಬ್ಬರು, ಹಿಮ್ಮಡಿಗೂ ಪಟ್ಟಿ, ಜಾರಿ ಬೀಳುವ ಹಾಗಿಲ್ಲ. ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದ ಉಳಿಸಲು ದಶಕಗಳಿಂದ ಬಳಸುತ್ತ ಬಂದ ಚಪ್ಪಲಿ ಇದು. 1946ರಲ್ಲಿ ವೆಲ್ಲೂರಿಗೆ ಬಂದು ಆ ರೋಗಿಗಳ ಕೈಕಾಲುಗಳಿಗಾಗಿ ದುಡಿದ, ಆಮೇಲೆ ಅಮೆರಿಕದ ಲೂಸಿಯಾನಾದಲ್ಲಿ ಅದೇ ಕೆಲಸ ಮುಂದುವರಿಸಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರ ವಿಷಯ ಆಗ ಓದಿದೆ. ಬೆರಳುಗಳು ಹಾಳಾಗುವುದು ಹೆಚ್ಚಾಗಿ ರೋಗದಿಂದಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ತೋರಿಸಿಕೊಟ್ಟವರು ಅವರು. ನೋವು ಒಂದು ವರ ಎನ್ನುತ್ತಿದ್ದರಂತೆ. ಹಿಮ್ಮಡಿಯ ಮೊಳೆಗೆ ಒಂದು ವರ್ಷ ಶಾಪ ಹಾಕಿದ್ದ ನಾನು ಆ ಮಾತನ್ನು ಎರಡು ಸಲ ಓದಿದೆ.

ಚಪ್ಪಲಿ ಮಾಡಿಸುವ ಮುನ್ನ ಅಪ್ಪನನ್ನು ಪೇಪರಿನ ಮೇಲೆ ನಿಲ್ಲಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದವಳು ನಾನು. ಅವರಿಗೆ ಕಚಗುಳಿಯಾಗಲಿಲ್ಲ. ಮೂವತ್ತು ವರ್ಷ ಪ್ರತಿ ಸಲ ಊರಿಗೆ ಹೋದಾಗಲೂ ಬಿಡುವಾಗಲೂ ಆ ಪಾದಗಳಿಗೆ ನಮಸ್ಕಾರ ಮಾಡಿದ್ದೇನೆ. ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

ಈಗ ಪ್ರತಿ ಭಾನುವಾರ ಬೆಳಗ್ಗೆ ವಿಡಿಯೊ ಕರೆ. ಅಮ್ಮ ಫೋನು ಹಿಡಿಯುತ್ತಾಳೆ, ಅಪ್ಪ ಕುರ್ಚಿಯಲ್ಲಿ ಕೂತು ಒಂದೊಂದೇ ಅಂಗಾಲನ್ನು ಎತ್ತಿ ತೋರಿಸುತ್ತಾರೆ. ಬೆರಳ ಸಂದಿ, ಹಿಮ್ಮಡಿ, ಪಕ್ಕ. ನಾನು ಕನ್ನಡಕ ಹಾಕಿಕೊಂಡು ಪರೀಕ್ಷಿಸುತ್ತೇನೆ.

"ಪಾದದರ್ಶನ ಆಯ್ತೇನಮ್ಮ?" ಎಂದು ಅಪ್ಪ ಕೇಳುತ್ತಾರೆ.

"ಎಡಗಾಲು ಇನ್ನೊಂದು ಸಲ ತೋರಿಸಿ ಅಪ್ಪ" ಎನ್ನುತ್ತೇನೆ.