ಯಾವೂರು ಎಂಬ ಪ್ರಶ್ನೆ

ಡೊಂಬಿವಲಿಯ ಕನ್ನಡ ಮನೆಗೆ ಹೊಸಬರು ಬಂದರೆ ಕಾಫಿಗೂ ಮೊದಲು ಬರುವುದು ಒಂದೇ ಪ್ರಶ್ನೆ: ‘ನಿಮ್ಮದು ಯಾವೂರು?’ ಕಲ್ಯಾಣದಲ್ಲಿ ಹುಟ್ಟಿ, ಥಾಣೆಯಲ್ಲಿ ಓದಿ, ನವಿಮುಂಬಯಿಯಲ್ಲಿ ಕೆಲಸಕ್ಕಿರುವ ಹುಡುಗಿಯೂ ಉಡುಪಿ ಎಂದೋ ಗದಗ ಎಂದೋ ಹೇಳುತ್ತಾಳೆ. ಮನೆಯೊಳಗೆ ಅದು ಅಕ್ಕರೆಯ ಮಾತು. ಬೀದಿಗಿಳಿದರೆ ಹಾಗಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮುಂಬಯಿಯ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದು ಇದೇ ಪ್ರಶ್ನೆಯ ಹೆಸರಿನಲ್ಲಿ.

1999ರಲ್ಲಿ ಇಡೀ ದೇಶವೇ ಈ ಪ್ರಶ್ನೆ ಕೇಳಿತು. ಇಟಲಿಯಲ್ಲಿ ಹುಟ್ಟಿದ ಸೋನಿಯಾ ಗಾಂಧಿ ಪ್ರಧಾನಿಯಾಗಬಹುದೇ? ಕೂಡದೆಂದ ಶರದ್ ಪವಾರ್, ಪಿ.ಎ. ಸಂಗ್ಮಾ, ತಾರಿಕ್ ಅನ್ವರ್ ಅವರನ್ನು ಕಾಂಗ್ರೆಸ್ ಹೊರಹಾಕಿತು. ಅವರು ರಾಷ್ಟ್ರವಾದಿ ಕಾಂಗ್ರೆಸ್ ಕಟ್ಟಿದರು. ಬಳ್ಳಾರಿಯಲ್ಲಿ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಭಾಷಣ ಮಾಡಿದರು. ಸ್ವದೇಶಿ ಮಗಳೋ ವಿದೇಶಿ ಸೊಸೆಯೋ ಎಂಬುದೇ ಅಲ್ಲಿನ ಪ್ರಚಾರವಾಯಿತು. ಮತದಾರರು ಸೊಸೆಯನ್ನು 56,100 ಮತಗಳಿಂದ ಗೆಲ್ಲಿಸಿದರು. ಅದೇ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಪವಾರರ ಪಕ್ಷ ಕಾಂಗ್ರೆಸ್ಸಿನ ಜತೆಗೇ ಸರ್ಕಾರ ಮಾಡಿತು.

ಕಾನೂನಿನಲ್ಲಿ ಗೊಂದಲವಿರಲಿಲ್ಲ. ಅಮೆರಿಕದ ಅಧ್ಯಕ್ಷರಾಗಲು ಹುಟ್ಟಿನಿಂದಲೇ ಪೌರತ್ವ ಇರಬೇಕು. ಭಾರತದ ಸಂವಿಧಾನದ 84ನೇ ವಿಧಿ ಸಂಸತ್ ಸದಸ್ಯರಿಂದ ಪೌರತ್ವ ಕೇಳುತ್ತದೆ, ಹುಟ್ಟೂರು ಕೇಳುವುದಿಲ್ಲ. ಸೋನಿಯಾ 1983ರಲ್ಲೇ ಭಾರತದ ಪ್ರಜೆಯಾಗಿದ್ದರು.

ಗದಗದಿಂದ ಸೊಸೆಯಾಗಿ ಡೊಂಬಿವಲಿಗೆ ಬಂದವಳಿಗೆ ಇದು ದೂರದ ರಾಜಕಾರಣವಲ್ಲ. ಹುಟ್ಟೂರೇ ಅರ್ಹತೆಯಾದರೆ ನಾಳೆ ಅವಳ ವಾರ್ಡಿನಲ್ಲೂ ಯಾರಾದರೂ ಅದನ್ನೇ ಕೇಳಬಹುದು. ಮತಗಟ್ಟೆಯಲ್ಲಿ ನೋಡುವುದು ಪಟ್ಟಿಯಲ್ಲಿನ ಹೆಸರನ್ನು ಮಾತ್ರ. ಯಾವೂರು ಎಂದು ಕೇಳುವ ಹಕ್ಕು ಕಾಫಿ ಕೊಡುವವರಿಗಷ್ಟೇ ಇರಲಿ.